400 ಮೀಟರ್ ದೂರದ ಓರಿಕ್ಸ್‌ಗೆ ಯಾವ ಕ್ಯಾಲಿಬರ್?

ಪ್ರಶ್ನೆ: ನಾನು ಮೂಲತಃ ಕೊಡಗಿನವನು. ಉದ್ಯೋಗದ ಕಾರಣ 26 ವರ್ಷಗಳಿಂದ ಮುಂಬಯಿ ಬಳಿಯ ಠಾಣೆ ನಗರದಲ್ಲಿದ್ದೇನೆ, ವಯಸ್ಸು 54. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಈಡು ಹೊಡೆದು ಬೆಳೆದವನಾದ್ದರಿಂದ ಕೋವಿ ನನಗೆ ಹೊಸದಲ್ಲ, ಆದರೆ ದುರ್ಬೀನಿರುವ ರೈಫಲ್ಲಿನ ಅನುಭವ ಕಡಿಮೆ. ಹಳೆಯ ಸಹೋದ್ಯೋಗಿಯೊಬ್ಬರು ಮುಂದಿನ ಜೂನ್‌ನಲ್ಲಿ ನಮೀಬಿಯಾದ ಒಂದು ಫಾರ್ಮಿಗೆ ಕರೆದಿದ್ದಾರೆ. ಅಲ್ಲಿ ಪರವಾನಗಿ ಪಡೆದು ಒಂದು ಓರಿಕ್ಸ್, ಸಾಧ್ಯವಾದರೆ ಒಂದು ಕೂಡು (ಎರಡೂ ಅಲ್ಲಿನ ದೊಡ್ಡ ಹುಲ್ಲೆಗಳು) ಬೇಟೆಯಾಡುವ ಯೋಜನೆ. ಬಯಲು ಪ್ರದೇಶವಾದ್ದರಿಂದ 400 ಮೀಟರಿನವರೆಗೂ ಹೊಡೆಯಬೇಕಾಗಬಹುದು ಎನ್ನುತ್ತಾರೆ. .300 ವಿನ್‌ಚೆಸ್ಟರ್ ಮ್ಯಾಗ್ನಂಗಿಂತ ಕೆಳಗಿನದ್ದನ್ನು ಮುಟ್ಟಲೇಬೇಡಿ ಎಂದು ಒಬ್ಬರು, .338 ಲಪುವಾ ಇದ್ದರೆ ತಪ್ಪುವ ಮಾತೇ ಇಲ್ಲ ಎಂದು ಇನ್ನೊಬ್ಬರು, ಈಗ ಎಲ್ಲರೂ 6.5 ಕ್ರೀಡ್‌ಮೋರ್ ಬಳಸುತ್ತಾರೆ ಎಂದು ಮೂರನೆಯವರು ಹೇಳುತ್ತಾರೆ. ಎರಡು ವರ್ಷಗಳ ಹಿಂದೆ ನನ್ನ ಬಲ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿದೆ. ಯಾವುದನ್ನು ಆರಿಸಲಿ? ಗಾಯಗೊಂಡು ಓಡಿದ ಪ್ರಾಣಿಯನ್ನು ಬಿಟ್ಟು ಬರುವ ಪರಿಸ್ಥಿತಿ ಮಾತ್ರ ಬರಬಾರದು.

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ಆ ಕೊನೆಯ ವಾಕ್ಯ. ಕ್ಯಾಲಿಬರಿನ ಪ್ರಶ್ನೆಯೂ ಅದರಿಂದಲೇ ಹುಟ್ಟಿದೆ: ದೂರ ಹೆಚ್ಚಿದಷ್ಟೂ ದೊಡ್ಡ ತೋಟಾ ಇದ್ದರೆ, ಗುರಿ ಸ್ವಲ್ಪ ಆಚೀಚೆಯಾದರೂ ಪ್ರಾಣಿ ಬಿದ್ದೇ ಬೀಳುತ್ತದೆ ಎಂಬ ನಂಬಿಕೆ ನಿಮಗೆ ಸಲಹೆ ಕೊಟ್ಟ ಮೊದಲ ಇಬ್ಬರಲ್ಲೂ ಇದೆ. ಪುಣೆಯ ಖಡಕಿಯಲ್ಲಿ ತೋಟಾಗಳ ಪರೀಕ್ಷೆಯ ಕೆಲಸದಲ್ಲಿ ಮೂವತ್ತು ವರ್ಷ ಕಳೆದು, ನಿವೃತ್ತಿಯ ನಂತರ ಇಲ್ಲಿನ ಶೂಟರುಗಳಿಗೆ ರೈಫಲ್ ಹಿಡಿಯುವುದನ್ನು ಕಲಿಸುತ್ತಿರುವ ನಾನು, ಆ ನಂಬಿಕೆ ತಪ್ಪೆಂದು ಮೊದಲೇ ಹೇಳಿಬಿಡುತ್ತೇನೆ. ಏಕೆ ತಪ್ಪೆಂಬುದು ತಿಳಿದರೆ ಆಯ್ಕೆ ಸುಲಭವಾಗುತ್ತದೆ.

ಮೊದಲು ಪದಗಳ ಗೊಂದಲ ಬಿಡಿಸೋಣ. ಕ್ಯಾಲಿಬರ್ ಎಂದರೆ ನಳಿಗೆಯ ಒಳವ್ಯಾಸ ಮಾತ್ರ. .308 ವಿನ್‌ಚೆಸ್ಟರ್, .30-06 ಸ್ಪ್ರಿಂಗ್‌ಫೀಲ್ಡ್, .300 ವಿನ್‌ಚೆಸ್ಟರ್ ಮ್ಯಾಗ್ನಂ, ಈ ಮೂರೂ ಹಾರಿಸುವುದು 7.82 ಮಿಲಿಮೀಟರ್ ವ್ಯಾಸದ ಒಂದೇ ಬಗೆಯ ಗುಂಡನ್ನು. ಬೇರೆಯಾಗುವುದು ತೋಟಾದ ಕೊಳವೆಯಲ್ಲಿ ಹಿಡಿಸುವ ಮದ್ದಿನ ಪ್ರಮಾಣ, ಅದರಿಂದ ಗುಂಡಿಗೆ ಸಿಗುವ ವೇಗ, ಮತ್ತು ನಿಮ್ಮ ಭುಜಕ್ಕೆ ಬೀಳುವ ಒದೆತ. ಆದ್ದರಿಂದ ನೀವು ಆರಿಸಬೇಕಾದದ್ದು ಮೂರು ಸಂಗತಿಗಳನ್ನು: ತೋಟಾ, ಅದರ ತುದಿಯಲ್ಲಿರುವ ಗುಂಡಿನ ರಚನೆ, ಮತ್ತು ಹೊಡೆಯುವ ದೂರ. ಈ ಮೂರರಲ್ಲಿ ಜನರು ಅತಿ ಹೆಚ್ಚು ಚರ್ಚಿಸುವ ತೋಟಾವೇ ನನ್ನ ಅನುಭವದಲ್ಲಿ ಅತಿ ಕಡಿಮೆ ಮಹತ್ವದ್ದು.

ದೊಡ್ಡ ಗುಂಡು ಪ್ರಾಣಿಯನ್ನು ಹೊಡೆದು ಉರುಳಿಸುತ್ತದೆ ಎಂಬ ಮಾತನ್ನು ಲೆಕ್ಕಕ್ಕೆ ಒಡ್ಡಿ ನೋಡಿ. .300 ಮ್ಯಾಗ್ನಂನ 180 ಗ್ರೇನ್ ಗುಂಡಿನ ತೂಕ ಸುಮಾರು 11.7 ಗ್ರಾಂ, ನಳಿಗೆಯ ಬಾಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 900 ಮೀಟರ್. ಅಷ್ಟೇ ವೇಗದಲ್ಲಿ ಅದು 220 ಕಿಲೋ ತೂಕದ ಓರಿಕ್ಸ್‌ನೊಳಗೆ ಹೊಕ್ಕು ಅಲ್ಲಿಯೇ ನಿಂತರೂ, ಇಡೀ ಪ್ರಾಣಿಗೆ ಸಿಗುವ ಚಲನೆ ಸೆಕೆಂಡಿಗೆ 5 ಸೆಂಟಿಮೀಟರಿಗಿಂತ ಕಡಿಮೆ, ಅಂದರೆ ಮೆಲ್ಲನೆ ತಳ್ಳಿದಷ್ಟು ಮಾತ್ರ. ಪ್ರಾಣಿ ಸಾಯುವುದು ಹೃದಯ ಮತ್ತು ಶ್ವಾಸಕೋಶಗಳು ಹರಿದು ರಕ್ತದೊತ್ತಡ ಕುಸಿದಾಗ, ಇಲ್ಲವೇ ಮಿದುಳು, ಬೆನ್ನುಹುರಿಗೆ ಪೆಟ್ಟು ಬಿದ್ದಾಗ. ಹೃದಯಕ್ಕೇ ತಗಲಿದರೂ ಮಿದುಳಿನಲ್ಲಿ ಉಳಿದಿರುವ ಆಮ್ಲಜನಕದ ಬಲದಿಂದ ಅದು ಹತ್ತಾರು ಸೆಕೆಂಡು ಓಡಬಲ್ಲದು. ಹೊಟ್ಟೆಗೆ ಬಿದ್ದರೆ, ಬಿದ್ದದ್ದು .338 ಲಪುವಾದ ಗುಂಡೇ ಆಗಿದ್ದರೂ, ಅದು ಗಂಟೆಗಟ್ಟಲೆ ನರಳುತ್ತದೆ. ತಪ್ಪು ಜಾಗದ ಪೆಟ್ಟನ್ನು ಸರಿಪಡಿಸುವ ಕ್ಯಾಲಿಬರ್ ಯಾವುದೂ ಇಲ್ಲ.

ಹಾಗಾದರೆ ದೂರ ಹೆಚ್ಚಾದಾಗ ತೋಟಾದಿಂದ ನಮಗೆ ಬೇಕಾದದ್ದೇನು? ಬೇಟೆಯ ಗುಂಡು ಮಾಂಸದೊಳಗೆ ಹೊಕ್ಕ ಮೇಲೆ ಅಣಬೆಯಂತೆ ಅರಳಬೇಕು; ಅರಳಲು ತಗಲುವ ಕ್ಷಣದಲ್ಲಿ ಅದಕ್ಕೊಂದು ಕನಿಷ್ಠ ವೇಗವಿರಬೇಕು. ಸೀಸದ ತಿರುಳಿಗೆ ತಾಮ್ರದ ಕವಚವಿರುವ ಸಾಮಾನ್ಯ ಗುಂಡುಗಳಿಗೆ ಅದು ಸೆಕೆಂಡಿಗೆ ಸುಮಾರು 550 ಮೀಟರ್. ಪೂರ್ತಿ ತಾಮ್ರದ ಗುಂಡುಗಳಲ್ಲಿ ಹೆಚ್ಚಿನವಕ್ಕೆ 600ರ ಆಸುಪಾಸು ಬೇಕು. ದೂರದ ಬೇಟೆಗೆಂದೇ ಮಾಡಿದ ಕೆಲವು ಮೃದು ಗುಂಡುಗಳು 490ರಲ್ಲೂ ಅರಳುತ್ತವೆ. ಈಗ 400 ಮೀಟರಿನಲ್ಲಿ ಯಾವುದಕ್ಕೆ ಎಷ್ಟು ವೇಗ ಉಳಿದಿರುತ್ತದೆ ನೋಡಿ. ಸಮುದ್ರಮಟ್ಟದ ಗಾಳಿಯಲ್ಲಿ, ಗಾಳಿಯನ್ನು ಚೆನ್ನಾಗಿ ಸೀಳುವ ಗುಂಡುಗಳನ್ನು ಹಿಡಿದರೆ, .308ಕ್ಕೆ ಸುಮಾರು 600, .30-06ಕ್ಕೆ 630, 6.5 ಕ್ರೀಡ್‌ಮೋರ್‌ಗೆ 640, .300 ಮ್ಯಾಗ್ನಂಗೆ 680, 2022ರಲ್ಲಿ ಬಂದ 7 ಎಂಎಂ ಪಿಆರ್‌ಸಿಗೆ 730. ಸುಮಾರು 1650 ಮೀಟರ್ ಎತ್ತರದಲ್ಲಿರುವ ವಿಂಡ್‌ಹುಕ್‌ನ ಸುತ್ತಲಿನ ತೆಳುಗಾಳಿಯಲ್ಲಿ ಇವೆಲ್ಲವೂ ಇನ್ನಷ್ಟು ಹೆಚ್ಚುತ್ತವೆ. ಅಂದರೆ ನಿಮ್ಮ ಸ್ನೇಹಿತರು ಹೇಳಿದ 400 ಮೀಟರಿನಲ್ಲಿ, ಗುಂಡು ಕೆಲಸ ಮಾಡುವ ವೇಗದ ದೃಷ್ಟಿಯಿಂದ, ಈ ಐದರಲ್ಲಿ ಯಾವುದೂ ಸೋಲುವುದಿಲ್ಲ. 1906ರ ತೋಟಾವೂ ಸಾಕು, 2022ರದ್ದೂ ಸಾಕು.

ಕಾನೂನಿನ ಮಾತನ್ನೂ ಇಲ್ಲಿಯೇ ಮುಗಿಸುತ್ತೇನೆ. ನಮೀಬಿಯಾದಲ್ಲಿ ಕೂಡು, ಓರಿಕ್ಸ್‌ನಂಥ ಪ್ರಾಣಿಗಳಿಗೆ ನಳಿಗೆಯ ಬಾಯಲ್ಲಿ ಕನಿಷ್ಠ 2700 ಜೂಲ್ ಶಕ್ತಿ ಇರಬೇಕೆಂಬ ನಿಯಮವಿದೆ. ಚಿಕ್ಕ ಸ್ಪ್ರಿಂಗ್‌ಬಕ್‌ಗೆ 1350, ಕಾಡೆಮ್ಮೆ, ಆನೆಗಳಿಗೆ 5400. 143 ಗ್ರೇನ್ ಗುಂಡಿನ 6.5 ಕ್ರೀಡ್‌ಮೋರ್ ಸುಮಾರು 3140 ಜೂಲ್ ಕೊಡುತ್ತದೆ; .308, .30-06 ಅದಕ್ಕಿಂತ ಹೆಚ್ಚು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಇಂಥ ಬೇಟೆಗೆ ಅವಕಾಶವಿಲ್ಲ, ಅದು ನಿಮಗೆ ಗೊತ್ತೇ ಇದೆ. ಇಲ್ಲಿಂದ ರೈಫಲ್ ಒಯ್ಯುವ ಗೋಜಿಗೆ ಹೋಗದೆ ಅಲ್ಲಿಯ ಫಾರ್ಮಿನ ರೈಫಲ್ಲನ್ನೇ ಬಾಡಿಗೆಗೆ ಪಡೆಯಿರಿ. ಕೊಂಬು ಅಥವಾ ಚರ್ಮವನ್ನು ಮುಂಬಯಿಗೆ ತರುವ ಮನಸ್ಸಿದ್ದರೆ, ಹೊರಡುವ ಮೊದಲೇ ಕಸ್ಟಮ್ಸ್‌ನಿಂದ ಮತ್ತು ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋದಿಂದ ಲಿಖಿತ ಉತ್ತರ ಪಡೆಯಿರಿ. ಬಾಯಿಮಾತಿನ ಭರವಸೆ ವಿಮಾನ ನಿಲ್ದಾಣದಲ್ಲಿ ನಿಲ್ಲುವುದಿಲ್ಲ.

ಇನ್ನು ಗಾಳಿ. ದೂರದ ಹೊಡೆತದಲ್ಲಿ ಗುಂಡು ಕೆಳಗಿಳಿಯುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆದರೆ ಅದು ಇವತ್ತು ಕಷ್ಟದ ಸಂಗತಿಯೇ ಅಲ್ಲ. ಲೇಸರ್ ದೂರಮಾಪಕ ದೂರವನ್ನು ಮೀಟರ್ ಲೆಕ್ಕದಲ್ಲಿ ಹೇಳುತ್ತದೆ, ಗುರುತ್ವ ದಿನದಿಂದ ದಿನಕ್ಕೆ ಬದಲಾಗುವುದಿಲ್ಲ, ಸ್ಕೋಪಿನ ತಿರುಪು ತಿರುಗಿಸಿದರೆ ಇಳಿತ ಸರಿಹೋಗುತ್ತದೆ. ಗಾಳಿಯನ್ನು ಮಾತ್ರ ಯಾವ ಉಪಕರಣವೂ ಪೂರ್ತಿ ಅಳೆಯಲಾರದು. ನೀವು ನಿಂತಲ್ಲಿ ಬೀಸುವ ಗಾಳಿ, ನಡುವಿನ ತಗ್ಗಿನಲ್ಲಿ ಬೀಸುವ ಗಾಳಿ, ಪ್ರಾಣಿಯ ಬಳಿ ಬೀಸುವ ಗಾಳಿ ಮೂರೂ ಬೇರೆ. ಗಂಟೆಗೆ 16 ಕಿಲೋಮೀಟರ್ ವೇಗದ ಅಡ್ಡಗಾಳಿ, ಅಂದರೆ ಸಣ್ಣ ಕೊಂಬೆಗಳು ಅಲುಗುವಷ್ಟು ಗಾಳಿ, 400 ಮೀಟರಿನಲ್ಲಿ 7 ಎಂಎಂ ಪಿಆರ್‌ಸಿಯ ಗುಂಡನ್ನು ಸುಮಾರು 23 ಸೆಂಟಿಮೀಟರ್ ಪಕ್ಕಕ್ಕೆ ಸರಿಸುತ್ತದೆ, 6.5 ಕ್ರೀಡ್‌ಮೋರ್‌ನದನ್ನು 28, .308ರದನ್ನು 34. ಅಂದರೆ ಮೊದಲೆರಡರ ನಡುವಿನ ಅಂತರ 5 ಸೆಂಟಿಮೀಟರ್. ಆದರೆ ಆ 16 ಕಿಲೋಮೀಟರಿನ ಗಾಳಿಯನ್ನು ನೀವು 8 ಎಂದು ಅಂದಾಜಿಸಿದರೆ, ಉತ್ತಮವಾದ 7 ಎಂಎಂ ಇದ್ದರೂ ಗುಂಡು 12 ಸೆಂಟಿಮೀಟರ್ ತಪ್ಪುತ್ತದೆ. ವರ್ಷಗಟ್ಟಲೆ ರೇಂಜಿನಲ್ಲಿ ಬೆಳೆದವರೇ ಇಷ್ಟು ತಪ್ಪುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ತೋಟಾ ಬದಲಿಸಿ ಉಳಿಸುವ ಅಂತರಕ್ಕಿಂತ ಗಾಳಿಯನ್ನು ತಪ್ಪಾಗಿ ಓದಿ ಕಳೆದುಕೊಳ್ಳುವ ಅಂತರ ದೊಡ್ಡದು. ಅದೇ 250 ಮೀಟರಿಗೆ ಬಂದರೆ, ಪೂರ್ತಿ 16 ಕಿಲೋಮೀಟರ್ ಗಾಳಿಗೆ .308ರ ಗುಂಡು ಸರಿಯುವುದೇ ಸುಮಾರು 13 ಸೆಂಟಿಮೀಟರ್. ಅರ್ಧ ತಪ್ಪಿ ಅಂದಾಜಿಸಿದರೂ ಆರೇಳು ಸೆಂಟಿಮೀಟರಿನ ತಪ್ಪು. ಓರಿಕ್ಸ್‌ನ ಹೃದಯ ಮತ್ತು ಶ್ವಾಸಕೋಶಗಳ ಭಾಗ ಊಟದ ತಟ್ಟೆಯಷ್ಟು, ಸುಮಾರು 25 ಸೆಂಟಿಮೀಟರ್ ಅಗಲ. 250ರಲ್ಲಿ ಆ ತಪ್ಪು ತಟ್ಟೆಯ ಒಳಗೇ ಉಳಿಯುತ್ತದೆ, 400ರಲ್ಲಿ ತಟ್ಟೆಯ ಅಂಚಿಗೆ ಬಂದು ನಿಲ್ಲುತ್ತದೆ.

ಇದಕ್ಕೆ ಪ್ರಾಣಿಯ ಒಂದು ಹೆಜ್ಜೆಯನ್ನೂ ಸೇರಿಸಿ. 400 ಮೀಟರ್ ಕ್ರಮಿಸಲು ಈ ಗುಂಡುಗಳಿಗೆ ಸುಮಾರು ಅರ್ಧ ಸೆಕೆಂಡು, ಕೆಲವಕ್ಕೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಮೇಯುತ್ತಾ ನಡೆಯುವ ಪ್ರಾಣಿ ಅಷ್ಟರಲ್ಲಿ ಅರ್ಧ ಮೀಟರಿಗೂ ಹೆಚ್ಚು ಮುಂದೆ ಹೋಗಿರಬಹುದು, ಮತ್ತು ಶ್ವಾಸಕೋಶಕ್ಕೆಂದು ಹೊರಟ ಗುಂಡು ಹೊಟ್ಟೆಗೆ ಬೀಳುತ್ತದೆ. ಇಂಥದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪರಿಚಿತರೊಬ್ಬರ ಜೊತೆ ನೋಡುಗನಾಗಿ ಆ ದೇಶಕ್ಕೆ ಹೋಗಿದ್ದಾಗ, ಅವರು 380 ಮೀಟರಿನಿಂದ .300 ಮ್ಯಾಗ್ನಂನಲ್ಲಿ ಒಂದು ಓರಿಕ್ಸ್‌ಗೆ ಹೊಡೆದರು. ರೈಫಲ್ ಸರಿಯಾಗಿತ್ತು, ದೂರದ ಲೆಕ್ಕ ಸರಿಯಾಗಿತ್ತು, ಕುದುರೆ (ಟ್ರಿಗರ್) ಎಳೆದ ಕ್ಷಣದಲ್ಲಿ ಪ್ರಾಣಿ ಒಂದು ಹೆಜ್ಜೆ ಇಟ್ಟಿತು. ಬೆಳಿಗ್ಗೆ ಹೊಡೆದದ್ದನ್ನು ಮುಳ್ಳುಪೊದೆಗಳ ನಡುವೆ ಹೆಜ್ಜೆಗುರುತು ಹಿಡಿದು ಕಂಡುಹಿಡಿಯುವಾಗ ಸಂಜೆಯಾಗಿತ್ತು, ಅದಿನ್ನೂ ಬದುಕಿತ್ತು. ಆ ದಿನವನ್ನು ನಾನು ಮರೆತಿಲ್ಲ, ನನ್ನ ಪರಿಚಿತರೂ ಮರೆತಿಲ್ಲ. ನಿಮ್ಮ ಪತ್ರದ ಕೊನೆಯ ವಾಕ್ಯ ನನ್ನನ್ನು ತಟ್ಟಿದ್ದು ಅದಕ್ಕೇ.

ಒದೆತದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಭುಜದ ಕಾರಣದಿಂದ ಇದೇ ನಿರ್ಣಾಯಕ. ಸುಮಾರು 3.6 ಕಿಲೋ ತೂಕದ ರೈಫಲ್ಲಿನಲ್ಲಿ 6.5 ಕ್ರೀಡ್‌ಮೋರ್‌ನ ಒದೆತ 16 ಜೂಲ್ ಆಸುಪಾಸು, .308ರದ್ದು 22ರಿಂದ 24, .30-06ರದ್ದು 27, .300 ಮ್ಯಾಗ್ನಂನದ್ದು 35ರಿಂದ 40. ಸಂಖ್ಯೆಗಳಿಗಿಂತ ಮುಖ್ಯ, ಮನಸ್ಸು ಅದನ್ನು ಹೇಗೆ ನೆನಪಿಡುತ್ತದೆ ಎಂಬುದು. ನೋವಾಗುತ್ತದೆಂದು ಶರೀರಕ್ಕೆ ಒಮ್ಮೆ ಗೊತ್ತಾದರೆ, ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ತಳ್ಳುತ್ತದೆ, ನಳಿಗೆ ಕೆಳಗಿಳಿಯುತ್ತದೆ. ನಾನು ಶಿಷ್ಯರ ರೈಫಲ್ಲಿಗೆ ಅವರಿಗೆ ತಿಳಿಯದಂತೆ ಖಾಲಿ ಡಮ್ಮಿ ತೋಟಾ ಸೇರಿಸಿ ಪರೀಕ್ಷಿಸುವುದುಂಟು. ಸದ್ದಾಗದೆ ಕ್ಲಿಕ್ ಎಂದಾಗ ನಳಿಗೆ ಎಷ್ಟು ಜಿಗಿಯುತ್ತದೆಂಬುದನ್ನು ಕಂಡು ಗಟ್ಟಿಮುಟ್ಟಾದ ಯುವಕರೂ ಬೆರಗಾಗುತ್ತಾರೆ. ಈ ಬೆಚ್ಚುವಿಕೆ 100 ಮೀಟರಿನಲ್ಲಿ ಹತ್ತು ಸೆಂಟಿಮೀಟರಿನ ತಪ್ಪನ್ನು ಸಲೀಸಾಗಿ ತರುತ್ತದೆ, 400ರಲ್ಲಿ ಅದು ನಾಲ್ಕು ಪಟ್ಟು. ಮ್ಯಾಗ್ನಂ ತೋಟಾ ಕೊಡುವ ಐದು ಸೆಂಟಿಮೀಟರಿನ ಲಾಭ ಇದರ ಮುಂದೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ಶಸ್ತ್ರಚಿಕಿತ್ಸೆಯಾದ ಭುಜಕ್ಕೆ .338 ಲಪುವಾವನ್ನು ಒಡ್ಡುವ ಮಾತನ್ನು ದಯವಿಟ್ಟು ಕೈಬಿಡಿ; .300 ಮ್ಯಾಗ್ನಂ ವಿಷಯದಲ್ಲೂ ನನ್ನ ಸಲಹೆ ಅದೇ. ಯಾವ ಒದೆತವನ್ನಾದರೂ ಒಪ್ಪಿಕೊಳ್ಳುವ ಮೊದಲು ನಿಮ್ಮ ಶಸ್ತ್ರವೈದ್ಯರನ್ನು ಕೇಳಿ.

ಹೀಗೆ ಉಳಿಯುವ ಆಯ್ಕೆಗಳಲ್ಲಿ ನಾನು ನಿಮಗೆ ಮೊದಲು ಸೂಚಿಸುವುದು .308 ವಿನ್‌ಚೆಸ್ಟರ್, 165 ಅಥವಾ 180 ಗ್ರೇನ್ ಗುಂಡು, ನಳಿಗೆಯ ತುದಿಗೆ ಸದ್ದಡಗಿಸುವ ಕೊಳವೆ. ದಕ್ಷಿಣ ಆಫ್ರಿಕಾ ಭಾಗದ ಫಾರ್ಮುಗಳಲ್ಲಿ ಈ ಕೊಳವೆ ಸಾಮಾನ್ಯ. ಅದು ಸದ್ದನ್ನಷ್ಟೇ ಅಲ್ಲ, ಒದೆತವನ್ನೂ ಸಾಕಷ್ಟು ಇಳಿಸುತ್ತದೆ. ಈ ತೋಟಾದ ದೌರ್ಬಲ್ಯ ಗಾಳಿಯಲ್ಲಿ ಕಾಣಿಸುತ್ತದೆ, ಆದ್ದರಿಂದ ಇದನ್ನು ಹಿಡಿದವರು 300 ಮೀಟರಿನ ಒಳಗೆ ಉಳಿಯಬೇಕು. ಭುಜಕ್ಕೆ ಅದೂ ಹೆಚ್ಚೆನಿಸಿದರೆ 6.5 ಕ್ರೀಡ್‌ಮೋರ್ ಹಿಡಿಯಿರಿ. ಅದು ಓರಿಕ್ಸ್‌ಗೆ ಸಾಲದು ಎನ್ನುವವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ: ಗುಂಡು ಹಗುರವಾದ್ದರಿಂದ ಭುಜದ ಮೂಳೆಯ ಮೇಲೆ ಓರೆಯಾಗಿ ಬಿದ್ದಾಗ ಅದಕ್ಕೆ ಮೀಸಲು ಬಲ ಕಡಿಮೆ. ಆದ್ದರಿಂದ ಪ್ರಾಣಿ ಪೂರ್ತಿ ಪಕ್ಕಕ್ಕೆ ನಿಂತಾಗ ಮಾತ್ರ ಹೊಡೆಯುವ ಶಿಸ್ತು ಇದರೊಂದಿಗೆ ಬರಬೇಕು. .30-06 ಇವೆರಡಕ್ಕಿಂತ ಬಲವಾದದ್ದು, ನಮ್ಮ ಇಶಾಪುರದ ಕಾರ್ಖಾನೆಯೂ ಆ ತೋಟಾದ ಸ್ಪೋರ್ಟಿಂಗ್ ರೈಫಲ್ ಮಾಡಿದೆ. ಭುಜ ಆರೋಗ್ಯವಾಗಿದ್ದವರಿಗೆ ನಾನು ಹಿಂಜರಿಯದೆ ಹೇಳುವ ಹೆಸರು ಅದು. 1962ರ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಂ ಅಥವಾ ಹೊಸ 7 ಎಂಎಂ ಪಿಆರ್‌ಸಿ, 400 ಮೀಟರಿನಲ್ಲಿ ನಿಜಕ್ಕೂ ಹೊಡೆಯಬಲ್ಲವರಿಗೆ ಉತ್ತಮ. ಅಲ್ಲಿಯೂ ಒಂದು ಎಚ್ಚರ ಬೇಕು: ಹಳೆಯ 7 ಎಂಎಂ ರೆಮಿಂಗ್ಟನ್ ನಳಿಗೆಗಳ ಒಳಗೆ ಗುಂಡನ್ನು ತಿರುಗಿಸುವ ಸುರುಳಿ ಗೆರೆ ನಿಧಾನವಾದದ್ದು, 9 ಅಥವಾ 9.5 ಇಂಚಿಗೆ ಒಂದು ಸುತ್ತು. ಈಗಿನ ಅತಿ ಉದ್ದದ ಗುಂಡುಗಳಿಗೆ 8 ಇಂಚಿಗೊಂದು ಸುತ್ತು ಬೇಕು, ಇಲ್ಲದಿದ್ದರೆ ಅವು ಹಾರಾಟದಲ್ಲಿ ಸ್ಥಿರವಾಗಿ ನಿಲ್ಲದೇ ಹೋಗಬಹುದು.

ಗುಂಡಿನ ರಚನೆಯನ್ನು ತೋಟಾದ ಹೆಸರಿಗಿಂತ ಹೆಚ್ಚು ವಿಚಾರಿಸಿ. ದೂರಕ್ಕೆಂದು ಮಾಡಿದ ಮೃದು ಗುಂಡು, ಪ್ರಾಣಿ ಅನಿರೀಕ್ಷಿತವಾಗಿ 60 ಮೀಟರಿನಲ್ಲಿ ಎದುರಾದರೆ, ಹೆಚ್ಚು ವೇಗದಿಂದಾಗಿ ಭುಜದ ಮೇಲೆಯೇ ಪುಡಿಯಾಗಿ ಆಳಕ್ಕಿಳಿಯದೆ ಹೋಗಬಹುದು. ಪೂರ್ತಿ ತಾಮ್ರದ್ದು ಹತ್ತಿರದಲ್ಲಿ ಅದ್ಭುತ, ಆದರೆ .308ರಲ್ಲಿ 400 ಮೀಟರಿಗೆ ಹೋದಾಗ ಅರಳುವ ವೇಗದ ಅಂಚಿನಲ್ಲಿರುತ್ತದೆ. ಸೀಸದ ತಿರುಳನ್ನು ಕವಚಕ್ಕೆ ಬೆಸೆದ ಗುಂಡು ಇವೆರಡರ ನಡುವಿನದು; 50ರಿಂದ 300 ಮೀಟರಿನವರೆಗೆ ಎಲ್ಲಿ ಅವಕಾಶ ಸಿಕ್ಕರೂ ನಂಬಬಹುದಾದದ್ದು. ನಿಮಗೆ ಅದೇ ಸರಿ.

ಓರಿಕ್ಸ್‌ನ ಶರೀರದ ಬಗ್ಗೆ ಒಂದು ಮಾತು ಹೇಳದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಅದರ ಭುಜದ ಮೇಲೆ ಎತ್ತರದ ಡುಬ್ಬವಿರುವುದರಿಂದ ಕಣ್ಣು ಪ್ರಾಣಿಯ ನಡುಮಟ್ಟವನ್ನು ಇರುವುದಕ್ಕಿಂತ ಮೇಲೆ ಅಂದಾಜಿಸುತ್ತದೆ, ಮತ್ತು ಹೊಸಬರು ಬೆನ್ನುಮೂಳೆಯ ಮೇಲ್ಭಾಗಕ್ಕೆ ಹೊಡೆಯುತ್ತಾರೆ. ಪೆಟ್ಟು ತಗಲಿ ಬಿದ್ದ ಓರಿಕ್ಸ್ ಕ್ಷಣ ಕಳೆದು ಎದ್ದು ಓಡುವುದು ಹೀಗೆಯೇ. ಹೃದಯ ಮುಂಗಾಲುಗಳ ನಡುವೆ, ತೀರ ಕೆಳಗೆ, ಮುಂದಕ್ಕೆ ಇರುತ್ತದೆ. ಪಕ್ಕಕ್ಕೆ ನಿಂತ ಪ್ರಾಣಿಯ ಮುಂಗಾಲಿನ ಗೆರೆಯನ್ನು ಹಿಡಿದು ಮೇಲಕ್ಕೆ ಬನ್ನಿ, ಎದೆಯ ಎತ್ತರದ ಮೂರನೆಯ ಒಂದು ಭಾಗಕ್ಕೆ ಬಂದು ನಿಲ್ಲಿ.

ಅಭ್ಯಾಸಕ್ಕೆ ಮುಂಬಯಿ, ಪುಣೆಯಲ್ಲಿ 400 ಮೀಟರಿನ ರೇಂಜ್ ನಮ್ಮಂಥವರಿಗೆ ಸಿಗುವುದಿಲ್ಲ ಎಂದು ಕೊರಗಬೇಡಿ. ನಿಮಗೆ ವರ್ಲಿ ಹತ್ತಿರ, ನನಗೆ ಬಾಲೆವಾಡಿ, 50 ಮೀಟರಿನ ರೇಂಜಿನಲ್ಲಿ .22 ರೈಫಲ್ ಸಾಕು. 250 ಮೀಟರಿನಲ್ಲಿರುವ 25 ಸೆಂಟಿಮೀಟರಿನ ತಟ್ಟೆ 50 ಮೀಟರಿನಲ್ಲಿ 5 ಸೆಂಟಿಮೀಟರಿನ ವೃತ್ತವಾಗಿ ಕಾಣುತ್ತದೆ, 400 ಮೀಟರಿನದು 3 ಸೆಂಟಿಮೀಟರಿನದಾಗಿ. ಕಾಗದದ ಮೇಲೆ ಈ ಎರಡು ವೃತ್ತ ಬರೆದುಕೊಳ್ಳಿ. ಬೆಂಚಿನ ಮೇಲಲ್ಲ, ಆಫ್ರಿಕಾದಲ್ಲಿ ಬಳಸುವ ಮೂರುಕಾಲಿನ ಕೋಲಿನ ಮೇಲೆ ನಳಿಗೆ ಇಟ್ಟು, ನಿಂತು, ಹತ್ತು ಮೆಟ್ಟಿಲು ಹತ್ತಿಳಿದ ಏದುಸಿರಿನಲ್ಲಿ ಹೊಡೆಯಿರಿ. ಹತ್ತಕ್ಕೆ ಹತ್ತೂ ವೃತ್ತದೊಳಗೆ ಬೀಳುವ ದೂರ ಯಾವುದೋ ಅದೇ ನಿಮ್ಮ ದೂರ, ಅದೂ ಗಾಳಿಯಿಲ್ಲದ ದಿನ. .22ರ ನಿಧಾನದ ಗುಂಡು 50 ಮೀಟರಿನಲ್ಲೇ ಗಾಳಿಗೆ ಎರಡು ಮೂರು ಸೆಂಟಿಮೀಟರ್ ಸರಿಯುವುದರಿಂದ, ಗಾಳಿ ಓದುವುದನ್ನೂ ಅದೇ ಕಲಿಸುತ್ತದೆ. ಹಬ್ಬದಲ್ಲಿ ತೆಂಗಿನಕಾಯಿಗೆ ಹೊಡೆದು ಬೆಳೆದ ಕಣ್ಣು ನಿಮ್ಮದು. ಆರು ತಿಂಗಳಲ್ಲಿ 5 ಸೆಂಟಿಮೀಟರಿನ ವೃತ್ತ ನಿಮ್ಮ ಕೈಗೆ ಬರುತ್ತದೆಂದು ನನಗನ್ನಿಸುತ್ತದೆ, 3 ಸೆಂಟಿಮೀಟರಿನದು ಬಾರದಿದ್ದರೂ ಬೇಸರ ಬೇಡ. ಓರಿಕ್ಸ್ ಇರುವ ಬಯಲಿನಲ್ಲೂ ಒಣ ಹಳ್ಳಗಳು, ಪೊದೆಗಳು, ದಿಬ್ಬಗಳಿರುತ್ತವೆ. ಜೊತೆಗೆ ಬರುವ ಸ್ಥಳೀಯ ಬೇಟೆಗಾರನಿಗೆ ಮೊದಲ ದಿನವೇ 250 ಮೀಟರ್ ನನ್ನ ಮಿತಿ ಎಂದು ಹೇಳಿಬಿಟ್ಟರೆ, ಅವನು ನಿಮ್ಮನ್ನು ಅಷ್ಟು ಹತ್ತಿರಕ್ಕೆ ಕರೆದೊಯ್ಯುವ ದಾರಿ ಹುಡುಕುತ್ತಾನೆ.

ಫಾರ್ಮಿನವರಿಗೆ ಈಗಲೇ ಬರೆದು ನಾಲ್ಕು ಸಂಗತಿ ಕೇಳಿ: .308 ಅಥವಾ 6.5 ಇದೆಯೇ, ಸದ್ದಡಗಿಸುವ ಕೊಳವೆ ಇದೆಯೇ, ಬೆಸೆದ ಗುಂಡಿನ ತೋಟಾ ಯಾವುದು, ಅಭ್ಯಾಸಕ್ಕೆ ಎಷ್ಟು ತೋಟಾ ಕೊಡುತ್ತಾರೆ. ಇಪ್ಪತ್ತಕ್ಕಿಂತ ಕಡಿಮೆ ಎಂದರೆ ಹೆಚ್ಚಿಗೆ ಹಣ ಕೊಟ್ಟು ಕೊಳ್ಳಿ. ತಲುಪಿದ ದಿನ ಬೇಟೆಯ ತೋಟಾದಿಂದಲೇ 100 ಮೀಟರಿನಲ್ಲಿ ಗುರಿ ಪರೀಕ್ಷಿಸಿ, ನಂತರ 250ರಲ್ಲಿ ಕೋಲಿನ ಮೇಲಿಂದ ಮೂರು ಈಡು ಹೊಡೆದು ನೋಡಿ. ಆ ತೋಟಾಗಳನ್ನು ಜೀಪಿನ ಗಾಜಿನ ಕೆಳಗೆ ಬಿಸಿಲಿಗೆ ಇಡಬೇಡಿ. ಮದ್ದು ಬಿಸಿಯಾದರೆ ವೇಗ ಬದಲಾಗುತ್ತದೆ, ಖಡಕಿಯಲ್ಲಿ ನಾವು ತೋಟಾಗಳನ್ನು ಬಿಸಿ ಮಾಡಿ, ತಣ್ಣಗೆ ಮಾಡಿ ಪರೀಕ್ಷಿಸುತ್ತಿದ್ದದ್ದು ಇದಕ್ಕಾಗಿಯೇ. ವೇಗದಲ್ಲಿ ಸೆಕೆಂಡಿಗೆ 15 ಮೀಟರಿನ ವ್ಯತ್ಯಾಸವಾದರೆ 400 ಮೀಟರಿನಲ್ಲಿ ಗುಂಡು ಬೀಳುವ ಜಾಗ ನಾಲ್ಕೈದು ಸೆಂಟಿಮೀಟರ್ ಮೇಲೆ ಕೆಳಗೆ ಆಗುತ್ತದೆ. 250ರಲ್ಲಿ ಅದು ನಿಮ್ಮ ಗಮನಕ್ಕೂ ಬರುವುದಿಲ್ಲ.